ಬೆಳಗಾದರೆ ಡೆಮೊ, ಯಂತ್ರ ಮಾತು ಕೇಳುತ್ತಿಲ್ಲ

ಮೊದಲು ಕೈಯಲ್ಲಿರುವ ಸ್ಕ್ರೂಡ್ರೈವರ್ ಕೆಳಗಿಡಿ. ಒಂದು ಚಾ ಕುಡಿಯಿರಿ. ಯಂತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಓಡುವ ಹಾಗಿದ್ದಿದ್ದರೆ ನಿಮಗೆ ಈ ತಲೆಬಿಸಿಯೇ ಇರುತ್ತಿರಲಿಲ್ಲ, ಅಲ್ವಾ?

ನಾನು ಶಿರಸಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವನು. ತೋಟದ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಅಡಿಕೆ ಸುಲಿಯುವ ಯಂತ್ರ, ವರ್ಷವಿಡೀ ಇವೇ. ಆದರೆ ವಸ್ತು ಪ್ರದರ್ಶನ, ಕೃಷಿ ಮೇಳಗಳ ಕಾಲ ಬಂತೆಂದರೆ ಅಂಗಡಿ ಶಟರ್ ಎಳೆಯುವ ಹೊತ್ತಿಗೇ ಯಾರಾದರೂ ರಟ್ಟಿನ ಪೆಟ್ಟಿಗೆ ಅವುಚಿಕೊಂಡು ಬಂದು ನಿಲ್ಲುತ್ತಾರೆ. ಕಾಲೇಜಿನ ಹುಡುಗರು ಬರುತ್ತಾರೆ. ಮನೆಯಲ್ಲೇ ಏನೋ ಹೊಸದು ಕಟ್ಟಿದ ಕೃಷಿಕರೂ ಬರುತ್ತಾರೆ. ‘ನಿನ್ನೆ ಸರಿ ಇತ್ತು, ನಾಳೆ ಬೆಳಿಗ್ಗೆ ತೋರಿಸಬೇಕು’ ಎನ್ನುವುದು ಎಲ್ಲರದ್ದೂ ಒಂದೇ ರಾಗ.

ಅವರಿಗೆಲ್ಲ ನಾನು ಹೇಳುವುದು ಇಷ್ಟೇ. ಇವತ್ತು ರಾತ್ರಿ ಇಡೀ ಯಂತ್ರ ಸರಿ ಮಾಡಲು ಹೋಗಬೇಡಿ. ನಾಳೆ ಜನರ ಎದುರು ನಡೆಯಬೇಕಾದ ಐದು ನಿಮಿಷ ಇದೆಯಲ್ಲ, ಅದನ್ನು ಮಾತ್ರ ಸರಿ ಮಾಡಿ. ಉಳಿದದ್ದು ಊರಿಗೆ ವಾಪಸ್ ಬಂದ ಮೇಲೆ.

ಬರೀ ಬಾಯಿಮಾತಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಒಂದು ಯಂತ್ರ ಇಟ್ಟುಕೊಂಡೇ ಹೇಳುತ್ತೇನೆ. ನನ್ನ ತಂಗಿಯ ಮಗಳು ಡಿಪ್ಲೊಮಾ ಓದುತ್ತಾಳೆ. ಅವಳೂ ಅವಳ ಗೆಳತಿಯರೂ ಸೇರಿ ಚಾಲಿ ಅಡಿಕೆಯ ಮೇಲೆ ತಾನಾಗಿ ಟಾರ್ಪಾಲ್ ಎಳೆಯುವ ಯಂತ್ರ ಮಾಡಿದ್ದರು. ನಮ್ಮ ಕಡೆಯವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40 ದಿನ ಬಿಸಿಲಿಗೆ ಹಾಕಿದರೆ ಚಾಲಿ. ಆ 40 ದಿನದಲ್ಲಿ ಒಂದು ಅಕಾಲದ ಮಳೆ ಬಂದು, ಅದೇ ಹೊತ್ತಿಗೆ ಮನೆಯವರೆಲ್ಲ ಮದುವೆ ಊಟಕ್ಕೆ ಹೋಗಿದ್ದರೆ ಅಡಿಕೆಗೆ ಬೂಸ್ಟು ಹಿಡಿಯುತ್ತದೆ, ದರ ಬೀಳುತ್ತದೆ.

ಯಂತ್ರ ಸರಳ. ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ತಲೆ ಓಡಿಸಲು ಇಎಸ್‌ಪಿ32 ಬೋರ್ಡು, ಮೋಟಾರನ್ನು ಆಚೆ ಈಚೆ ತಿರುಗಿಸಲು ಎರಡು ರಿಲೇ, ಮಳೆ ಹನಿ ಗುರುತಿಸುವ ಸಣ್ಣ ಸೆನ್ಸರ್ ತಟ್ಟೆ. ಟಾರ್ಪಾಲ್ ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸಲು ಎರಡು ಲಿಮಿಟ್ ಸ್ವಿಚ್. ಶಿರಸಿಯಲ್ಲಿ ನಮ್ಮ ಅಂಗಳದಲ್ಲಿ ಚೆನ್ನಾಗಿಯೇ ಓಡಿತ್ತು. ತೋರಿಸಬೇಕಾಗಿದ್ದದ್ದು ಕಾರವಾರದಲ್ಲಿ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ, ಸಂಜೆ ಕಾರವಾರದಲ್ಲಿ ಇಳಿಸಿ ಸ್ವಿಚ್ ಹಾಕಿದರೆ ಎರಡು ರೋಗ. ಒಂದು, ಮೋಟಾರ್ ಶುರುವಾದ ತಕ್ಷಣ ಬೋರ್ಡು ಸತ್ತು ಮತ್ತೆ ಹುಟ್ಟುತ್ತಿತ್ತು. ಎರಡು, ಹನಿ ನೀರಿಲ್ಲದಿದ್ದರೂ ಸೆನ್ಸರ್ ‘ಮಳೆ ಮಳೆ’ ಎಂದು ಹಠ ಹಿಡಿದಿತ್ತು.

ಒಂದು ಸಾಲು ಬರೆಯಿರಿ

ಉಪಕರಣ ಬಿಚ್ಚುವ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ: ನಾಳೆ ನೋಡುವವರು ಏನು ಕಂಡರೆ ಸಾಕು? ಈ ಹುಡುಗಿಯರು ಬರೆದದ್ದು: ‘ನೀರು ಬಿದ್ದರೆ ಟಾರ್ಪಾಲ್ ಮುಚ್ಚಬೇಕು, ಬಟನ್ ಒತ್ತಿದರೆ ತೆರೆಯಬೇಕು.’ ಅಷ್ಟೇ. ಮೊಬೈಲಿಗೆ ಮೆಸೇಜ್ ಹೋಗುವುದು, ತೇವಾಂಶದ ಗ್ರಾಫ್ ಬರುವುದು, ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವುದು ಇವೆಲ್ಲ ಪಟ್ಟಿಯಿಂದ ಹೊರಗೆ. ಹೊಟ್ಟೆ ಉರಿಯುತ್ತದೆ, ಗೊತ್ತು. ಆ ಗ್ರಾಫಿಗೆ ಎಷ್ಟು ರಾತ್ರಿ ನಿದ್ದೆಗೆಟ್ಟಿರುತ್ತೀರೋ. ಆದರೂ ಹೊರಗೆ. ಕಡಿಮೆ ಭಾಗ ಓಡಿದಷ್ಟೂ ಕೆಡುವ ಜಾಗ ಕಡಿಮೆ.

ಆಮೇಲೆ ಫೋಟೊ. ಎಲ್ಲ ತಂತಿಗಳ ಫೋಟೊವನ್ನು ಹತ್ತಿರದಿಂದ, ಒಳ್ಳೆಯ ಬೆಳಕಲ್ಲಿ ತೆಗೆಯಿರಿ. ಈಗ ಓಡುತ್ತಿರುವ ಪ್ರೋಗ್ರಾಂನ ಒಂದು ಪ್ರತಿಯನ್ನು ಬೇರೆ ಹೆಸರಲ್ಲಿ ಉಳಿಸಿ. ಲ್ಯಾಪ್‌ಟಾಪ್ ‘ಲೈಬ್ರರಿ ಅಪ್‌ಡೇಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಡೆಮೊ ಹಿಂದಿನ ರಾತ್ರಿ ಅಪ್‌ಡೇಟ್ ಮಾಡುವುದೆಂದರೆ ಹೋಗುವ ಮಾರಿಯನ್ನು ಕರೆದು ಮನೆಗೆ ಸೇರಿಸಿಕೊಂಡ ಹಾಗೆ.

ಕರೆಂಟಿನಿಂದ ಶುರು ಮಾಡಿ

ಹುಡುಕುವ ಕ್ರಮ ಮುಖ್ಯ. ಮೊದಲು ವಿದ್ಯುತ್ತು, ಆಮೇಲೆ ಜೋಡಣೆಗಳು, ಆಮೇಲೆ ತಿರುಗುವ ಭಾಗ, ಎಲ್ಲಕ್ಕಿಂತ ಕೊನೆಗೆ ಪ್ರೋಗ್ರಾಂ. ಓದಿದ ಮಕ್ಕಳು ಇದನ್ನು ಉಲ್ಟಾ ಮಾಡುತ್ತಾರೆ. ಲ್ಯಾಪ್‌ಟಾಪ್ ಹತ್ತಿರ ಇರುತ್ತದೆ, ಕೈ ಕೊಳೆಯಾಗುವುದಿಲ್ಲ, ಹಾಗಾಗಿ ಕೋಡ್ ತಿದ್ದುತ್ತಾ ಕೂರುತ್ತಾರೆ. ನಿನ್ನೆ ಓಡಿದ ಕೋಡು ಘಟ್ಟ ಇಳಿಯುವಾಗ ಕೆಡುವುದಿಲ್ಲ ಮಾರಾಯ್ರೆ. ಕೆಡುವುದು ಸ್ಕ್ರೂ.

ಘಟ್ಟದ ತಿರುವುಗಳಲ್ಲಿ ಕುಲುಕಿದ ಮೇಲೆ ಪ್ರತಿಯೊಂದು ತಂತಿಯನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಕೈಗೆ ಬಂದದ್ದು ಹೇಗೂ ನಾಳೆ ಬರುವುದೇ ಆಗಿತ್ತು, ಇವತ್ತೇ ಬಂದದ್ದು ಒಳ್ಳೆಯದಾಯಿತು. ಚುಚ್ಚಿ ಕೂರಿಸುವ ಜಂಪರ್ ತಂತಿಗಳ ಬುಡಕ್ಕೆ ಗ್ಲೂ ಗನ್‌ನಿಂದ ಒಂದು ತೊಟ್ಟು ಹಾಕಿ. ಬೇಡವಾದಾಗ ಕಿತ್ತು ತೆಗೆಯಬಹುದು. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ತಂತಿಯ ತುದಿಗೆ ಬೆಸುಗೆ ಹಾಕಿದ್ದರೆ ಆ ತುದಿ ಕತ್ತರಿಸಿ, ಎಳೆಗಳನ್ನು ಹಾಗೇ ತಿರುಚಿ ಬಿಗಿ ಮಾಡಿ. ಬೆಸುಗೆಯ ಲೋಹ ಮೆತ್ತಗೆ. ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಜರುಗಿ ಸಡಿಲವಾಗುತ್ತದೆ.

ಈಗ ಬೋರ್ಡು ಸಾಯುವ ರೋಗಕ್ಕೆ ಬರೋಣ. ಮೋಟಾರು ನಿಂತಲ್ಲಿಂದ ಏಳುವಾಗ, ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟು ಎಳೆಯುತ್ತದೆ. ಆ ಒಂದು ಕ್ಷಣ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಅದೇ ಬ್ಯಾಟರಿಯಿಂದ 5 ವೋಲ್ಟ್ ಮಾಡಿಕೊಂಡು ಬದುಕುವ ಬೋರ್ಡಿಗೆ ಉಸಿರು ಕಟ್ಟುತ್ತದೆ. ಇಎಸ್‌ಪಿ32 ಒಳಗೆ ಇದನ್ನು ಕಾಯುವ ವ್ಯವಸ್ಥೆಯೇ ಇದೆ, ಬ್ರೌನ್‌ಔಟ್ ಡಿಟೆಕ್ಟರ್ ಎನ್ನುತ್ತಾರೆ. ವೋಲ್ಟೇಜ್ ಇಳಿದರೆ ಅದು ಬೋರ್ಡನ್ನು ರೀಸೆಟ್ ಮಾಡುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸೀರಿಯಲ್ ಮಾನಿಟರ್, ಅಂದರೆ ಬೋರ್ಡು ಕಳಿಸುವ ಸಂದೇಶ ತೋರಿಸುವ ಕಿಟಕಿ, ತೆರೆದರೆ ‘ಬ್ರೌನ್‌ಔಟ್’ ಎಂದು ಅದೇ ಬರೆದು ತೋರಿಸುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಈ ಕಾವಲನ್ನೇ ಆಫ್ ಮಾಡುವ ಕೋಡ್ ಸಿಗುತ್ತದೆ. ಮಾಡಬೇಡಿ. ಜ್ವರ ಇದೆ ಎಂದು ಥರ್ಮಾಮೀಟರ್ ಒಡೆದರೆ ಏನು ಬಂತು?

ಅಗ್ಗದ ಮಲ್ಟಿಮೀಟರ್ ಇಟ್ಟು ನೋಡಿದರೆ ವೋಲ್ಟೇಜ್ ಸರಿಯಾಗಿಯೇ ಕಾಣಬಹುದು. ಆ ಕುಸಿತ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ, ಮೀಟರ್ ಅಷ್ಟು ಚುರುಕಲ್ಲ. ಅದಕ್ಕೆ ಬೇರೆ ಪರೀಕ್ಷೆ ಮಾಡಿ. ಬೋರ್ಡಿಗೆ ಬ್ಯಾಟರಿಯಿಂದ ಬರುವ 5 ವೋಲ್ಟಿನ ತಂತಿ ಬಿಚ್ಚಿ. ಬೋರ್ಡಿನ ಯುಎಸ್‌ಬಿಗೆ ಮೊಬೈಲ್ ಚಾರ್ಜರ್ ಅಥವಾ ಪವರ್ ಬ್ಯಾಂಕ್ ಸಿಕ್ಕಿಸಿ. ಗ್ರೌಂಡ್, ಅಂದರೆ ಮೈನಸ್ ತಂತಿ ಬಿಚ್ಚಬೇಡಿ, ಎರಡೂ ಕಡೆಯ ಗ್ರೌಂಡ್ ಒಂದೇ ಇರಬೇಕು. ಈಗ ಮೋಟಾರ್ ಓಡಿಸಿ. ಬೋರ್ಡು ಬದುಕಿ ಉಳಿದರೆ ರೋಗವೂ ಸಿಕ್ಕಿತು, ಮದ್ದೂ ಸಿಕ್ಕಿತು. ನಾಳೆಗೆ ಅದೇ ಪವರ್ ಬ್ಯಾಂಕ್ ಇರಲಿ. ಕಾರವಾರದಲ್ಲಿ ನಾವು ಮಾಡಿದ್ದೂ ಅದನ್ನೇ. ಒಂದು ಎಚ್ಚರ: ಕೆಲವು ಪವರ್ ಬ್ಯಾಂಕುಗಳು ಎಳೆತ ತೀರಾ ಕಡಿಮೆಯಾದರೆ ‘ಯಾರೂ ಇಲ್ಲ’ ಎಂದುಕೊಂಡು ತಾವೇ ಆಫ್ ಆಗುತ್ತವೆ. ಅರ್ಧ ಗಂಟೆ ಸುಮ್ನೆ ಇಟ್ಟು ನೋಡಿ, ಬೋರ್ಡಿನ ದೀಪ ಉಳಿದಿದೆಯಾ ಎಂದು.

ಪವರ್ ಬ್ಯಾಂಕ್ ಇಲ್ಲದಿದ್ದರೆ ಕೆಪಾಸಿಟರ್ ದಾರಿ. ಅದು ಕರೆಂಟು ಕೂಡಿಟ್ಟುಕೊಂಡು ಕುಸಿತದ ಕ್ಷಣದಲ್ಲಿ ಬೋರ್ಡಿಗೆ ಕೊಡುತ್ತದೆ. 1000 ಮೈಕ್ರೋಫ್ಯಾರಡ್‌ನದ್ದು, 16 ಅಥವಾ 25 ವೋಲ್ಟಿನದ್ದು, ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಆದಷ್ಟು ಬೋರ್ಡಿಗೆ ಹತ್ತಿರ. ರಾತ್ರಿ ಹೊತ್ತಲ್ಲಿ ಅಂಗಡಿ ಮುಚ್ಚಿದ್ದರೆ ಟಿವಿ ಅಥವಾ ರೇಡಿಯೊ ರಿಪೇರಿಯವರ ಹತ್ತಿರ ಹಾಳಾದ ಸೆಟ್‌ಟಾಪ್ ಬಾಕ್ಸ್ ಕೇಳಿ. ಅದರ ಬೋರ್ಡಿನಲ್ಲಿ ಈ ಅಳತೆಯ ಆಸುಪಾಸಿನದು ಸಿಗುತ್ತದೆ. ತಲೆ ಉಬ್ಬಿದ್ದು ಬೇಡ. ಬದಿಯಲ್ಲಿ ಬಿಳಿ ಪಟ್ಟಿ ಇರುವ ಕಾಲು ಮೈನಸ್. ತಿರುಗುಮುರುಗು ಹಾಕಿದರೆ ಢಂ ಅನ್ನುತ್ತದೆ. ಫ್ಯಾನಿನ ಕೆಪಾಸಿಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದರ ಅಳತೆ ಎರಡೂವರೆ ಮೈಕ್ರೋಫ್ಯಾರಡ್ ಹತ್ತಿರ.

ಇನ್ನೊಂದು ವಿಷಯ. ಮೋಟಾರಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಒಂದೇ ದಿಕ್ಕಿಗೆ ತಿರುಗುವ ಮೋಟಾರಿಗೆ ಸರಿ. ಟಾರ್ಪಾಲ್ ಯಂತ್ರದ ಹಾಗೆ ಎರಡೂ ದಿಕ್ಕಿಗೆ ತಿರುಗುವುದಾದರೆ, ಒಂದು ದಿಕ್ಕಿನಲ್ಲಿ ಆ ಡಯೋಡೇ ನೇರ ಶಾರ್ಟ್. ಅಲ್ಲಿಗೆ 104 ಎಂದು ಬರೆದಿರುವ ಸಣ್ಣ ಸೆರಾಮಿಕ್ ಕೆಪಾಸಿಟರನ್ನು ಮೋಟಾರಿನ ಎರಡು ತಂತಿಗಳ ನಡುವೆ ಬೆಸೆಯಿರಿ. ಕಿಡಿಯ ಗದ್ದಲ ಕಡಿಮೆಯಾಗುತ್ತದೆ. ಗುಜರಿ ವೈಪರ್ ಮೋಟಾರು ಬಳಸುವವರು ಇದನ್ನೂ ನೋಡಿ: ಎಷ್ಟೋ ಮಾದರಿಗಳಲ್ಲಿ ಮೋಟಾರಿನ ಒಂದು ತುದಿ ಅದರ ಕಬ್ಬಿಣದ ಮೈಗೇ ಸೇರಿರುತ್ತದೆ. ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಬ್ಯಾಟರಿಯ ಮೈನಸ್ ಕೂಡ ಅದೇ ಸ್ಟ್ಯಾಂಡಿಗೆ ತಾಗಿದ್ದರೆ, ಹಿಂದಕ್ಕೆ ತಿರುಗಿಸಿದ ಕೂಡಲೇ ಹೊಗೆ. ನಡುವೆ ಒಂದು ಹಲಗೆ ತುಂಡು ಕೊಡಿ.

ಸೆನ್ಸರ್ ಸುಳ್ಳು ಹೇಳಿದರೆ

ಮಳೆ ಸೆನ್ಸರಿನ ತಟ್ಟೆ ಎಂದರೆ ಬಾಚಣಿಗೆ ಹಲ್ಲಿನ ಹಾಗೆ ಎದುರುಬದುರು ಬರೆದ ಎರಡು ಲೋಹದ ಗೆರೆಗಳು. ನಡುವೆ ನೀರು ಬಿದ್ದರೆ ಕರೆಂಟು ದಾಟುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಜನವರಿಯ ಮಧ್ಯಾಹ್ನ ಗಾಳಿ ಒಣ. ಕಾರವಾರದಲ್ಲಿ ಸಂಜೆಗೆ ಸಮುದ್ರದ ಗಾಳಿ. ಆ ಗಾಳಿಯಲ್ಲಿ ಉಪ್ಪಿದೆ, ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೊತೆಗೆ ನಮ್ಮ ಬೆವರು ಕೈಯಲ್ಲಿ ಮುಟ್ಟಿ ಮುಟ್ಟಿ ತಟ್ಟೆಯ ಮೇಲೆ ಇನ್ನಷ್ಟು ಉಪ್ಪು. ಕಣ್ಣಿಗೆ ಒಣಗಿದ ಹಾಗೆ ಕಂಡರೂ ಸೆನ್ಸರಿಗೆ ಅದು ಒದ್ದೆಯೇ. ಪಾಪ, ಅದು ಹೇಳುತ್ತಿದ್ದದ್ದು ಪೂರ್ತಿ ಸುಳ್ಳೂ ಅಲ್ಲ.

ಮೊದಲ ಮದ್ದು ತೊಳೆಯುವುದು. ನಲ್ಲಿ ನೀರು ಬೇಡ, ಬಾವಿ ನೀರೂ ಬೇಡ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರ್ ತನ್ನಿ, ಅದರಲ್ಲಿ ಲವಣ ಇರುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಟ್ಟೆಯನ್ನು ಉಜ್ಜಿ, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ. ಗೆರೆಗಳು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಆಮೇಲೆ ಮಾಡ್ಯೂಲಿನ, ಅಂದರೆ ತಟ್ಟೆಯ ಜೊತೆಗಿರುವ ಸಣ್ಣ ಬೋರ್ಡಿನ, ಮೇಲಿರುವ ನೀಲಿ ಡಬ್ಬಿಯ ಸಣ್ಣ ಸ್ಕ್ರೂ ತಿರುಗಿಸಿ ಸೂಕ್ಷ್ಮತೆ ಇಳಿಸಿ. ತಟ್ಟೆಯನ್ನು ಚಪ್ಪಟೆ ಇಡದೆ ಓರೆಯಾಗಿ ಇಟ್ಟರೆ ಹನಿ ಜಾರಿಹೋಗುತ್ತದೆ, ಮುಂದಿನ ಸಲಕ್ಕೆ ಬೇಗ ತಯಾರಾಗುತ್ತದೆ. ಹತ್ತರಲ್ಲಿ ಎಂಟು ಸಲ ಇಷ್ಟು ಸಾಕು.

ನಮ್ಮ ತಟ್ಟೆಯ ಲೇಪ ಆಗಲೇ ಎದ್ದುಹೋಗಿತ್ತು, ತೊಳೆದರೂ ಬಗ್ಗಲಿಲ್ಲ. ಕಾರವಾರದಲ್ಲಿ ರಾತ್ರಿ ಅದೇ ಸೆನ್ಸರ್ ಎಲ್ಲಿ ಸಿಗಬೇಕು? ಆಗ ಮಾಡಿದ್ದು ಬತ್ತಾಸಿನ ಸೆನ್ಸರ್. ನಗಬೇಡಿ, ಮಾಡುವ ಕ್ರಮ ಹೇಳುತ್ತೇನೆ.

ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ ಒಂದು ತೆಗೆದುಕೊಳ್ಳಿ. ಅದರ ಎರಡು ತುಟಿಗಳ ಒಳಮೈಗೆ ಒಂದೊಂದು ಡ್ರಾಯಿಂಗ್ ಪಿನ್ ಕೂರಿಸಿ, ತಲೆ ಒಳಗೆ ಇರಲಿ. ಪ್ಲಾಸ್ಟಿಕ್‌ಗೆ ಪಿನ್ ಇಳಿಯದಿದ್ದರೆ ಅದರ ಮೊನೆಯನ್ನು ಕಾಯಿಸಿ ಒತ್ತಿ. ಹೊರಗೆ ಬಂದ ಮೊನೆಗೆ ತಂತಿ ಸುತ್ತಿ ಬೆಸೆಯಿರಿ. ಕ್ಲಿಪ್ ಮುಚ್ಚಿದಾಗ ಎರಡು ಪಿನ್ ತಲೆಗಳು ಒಂದಕ್ಕೊಂದು ತಾಗಬೇಕು. ಈಗ ಆ ತಲೆಗಳ ನಡುವೆ ಒಂದು ಬತ್ತಾಸು ಸಿಕ್ಕಿಸಿ. ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಒಣಗಿರುವಷ್ಟು ಹೊತ್ತು ಅದು ಎರಡೂ ಪಿನ್‌ಗಳನ್ನು ಬೇರೆ ಇಡುತ್ತದೆ. ಸಕ್ಕರೆ ಪಾಕ ನೊರೆಯೆದ್ದು ಗಟ್ಟಿಯಾದದ್ದಾದ್ದರಿಂದ ಒಳಗೆಲ್ಲ ಗಾಳಿ ಗುಳ್ಳೆ. ನೀರು ಬಿದ್ದರೆ ತಡೆಯುವುದಿಲ್ಲ, ಕುಸಿಯುತ್ತದೆ. ಕ್ಲಿಪ್ ಕಚ್ಚುತ್ತದೆ, ಪಿನ್ ತಾಗುತ್ತದೆ, ಮೋಟಾರು ಹೊರಡುತ್ತದೆ. ಕಲ್ಲುಸಕ್ಕರೆ ಹಾಕಿದರೆ ಕರಗುವಷ್ಟರಲ್ಲಿ ನೋಡುವವರು ಮುಂದಿನ ಮಳಿಗೆಗೆ ಹೋಗಿರುತ್ತಾರೆ.

ಸ್ಪ್ರಿಂಗ್ ಬಿಗಿ ಜಾಸ್ತಿ ಇರುವ ಕ್ಲಿಪ್ ಬೇಡ, ಒಣ ಬತ್ತಾಸೇ ಪುಡಿಯಾಗುತ್ತದೆ. ಹಳೆ, ದಣಿದ ಕ್ಲಿಪ್ ಒಳ್ಳೆಯದು. ಕರಾವಳಿಯ ತೇವಕ್ಕೆ ಬತ್ತಾಸು ಮೆತ್ತಗಾಗುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ತೋರಿಸುವ ಹೊತ್ತಿಗೆ ಮಾತ್ರ ಸಿಕ್ಕಿಸಿ. ಪ್ರತಿ ಸಲಕ್ಕೂ ಹೊಸದು ಬೇಕು. ಪಿನ್ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಅಂಟು ಕೂತು ಮುಂದಿನ ಸಲ ಸಂಪರ್ಕ ಆಗುವುದಿಲ್ಲ. ಇರುವೆಯ ಕಾಟವೂ ಇದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಇದರಲ್ಲಿ ನನಗೆ ಇಷ್ಟವಾದದ್ದು ಪ್ರೋಗ್ರಾಂ ಮುಟ್ಟಬೇಕಾಗಿಲ್ಲ ಎನ್ನುವುದು. ಆ ಮಳೆ ಮಾಡ್ಯೂಲಿನ ಡಿಜಿಟಲ್ ಔಟ್‌ಪುಟ್ ಒದ್ದೆಯಾದಾಗ ಸೊನ್ನೆಗೆ ಇಳಿಯುತ್ತದೆ. ಕ್ಲಿಪ್ಪಿನ ಒಂದು ತಂತಿ ಗ್ರೌಂಡಿಗೆ, ಇನ್ನೊಂದು ಅದೇ ಇನ್‌ಪುಟ್ ಪಿನ್ನಿಗೆ, ಆ ಪಿನ್ನಿನಿಂದ 3.3 ವೋಲ್ಟಿಗೆ ಒಂದು 10 ಕಿಲೋಓಮ್ ರೆಸಿಸ್ಟರ್. ಬೋರ್ಡಿನ ಪಾಲಿಗೆ ಸೆನ್ಸರ್ ಬದಲಾದದ್ದೇ ಗೊತ್ತಾಗುವುದಿಲ್ಲ. ತಾತ್ಕಾಲಿಕ ಭಾಗ ಯಾವಾಗಲೂ ಹೀಗೆ ಇರಬೇಕು. ಹಳೆಯದು ಇದ್ದ ಜಾಗದಲ್ಲೇ ಕೂರಬೇಕು, ತೆಗೆದರೆ ಹಳೆಯದು ಮತ್ತೆ ಕೂರಬೇಕು.

ಅಂಟು, ಟ್ಯೂಬು, ಹಾಳೆ

ಮುರಿದದ್ದು ಜೋಡಿಸುವಾಗ ಗಡಿಯಾರ ನೋಡಿ ಅಂಟು ಆರಿಸಿ. ರಾತ್ರಿ ಪೂರ್ತಿ ಇದ್ದರೆ ಎರಡು ಟ್ಯೂಬಿನ ಅರಾಲ್ಡೈಟ್. ಬೆಳಿಗ್ಗೆ ಮುರಿದದ್ದಕ್ಕೆ ಎಂ-ಸೀಲ್ ಹಚ್ಚಿ ‘ಗಟ್ಟಿಯಾಗಿದೆಯಾ’ ಎಂದು ಒತ್ತಿ ಒತ್ತಿ ನೋಡುವವರನ್ನು ಕಂಡಿದ್ದೇನೆ. ಅದಕ್ಕೂ ಹೊತ್ತು ಬೇಕು. ಹೊತ್ತೇ ಇಲ್ಲದಾಗ ಫೆವಿಕ್ವಿಕ್ ಮತ್ತು ಅಡುಗೆ ಸೋಡಾ. ಬಿರುಕಿಗೆ ಸೋಡಾ ಪುಡಿ ತುಂಬಿ, ಮೇಲೆ ಫೆವಿಕ್ವಿಕ್ ತೊಟ್ಟು ಬಿಡಿ. ಕ್ಷಣದಲ್ಲಿ ಕಲ್ಲು. ಬಿಸಿಯಾಗುತ್ತದೆ, ಘಾಟು ಹೊಗೆಯೂ ಬರುತ್ತದೆ, ಮುಖ ದೂರ ಇರಲಿ. ಎಳೆತ ತಡೆಯುತ್ತದೆ, ಬಡಿತ ತಡೆಯುವುದಿಲ್ಲ.

ಆದರೆ ನನ್ನ ನಂಬಿಕೆ ಇರುವುದು ಹಳೆ ಸೈಕಲ್ ಟ್ಯೂಬಿನ ಮೇಲೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಬೆರಳಗಲ ಪಟ್ಟಿ ಉದ್ದಕ್ಕೆ ಕತ್ತರಿಸಿ, ಚೆನ್ನಾಗಿ ಎಳೆದು ಎಳೆದು ಸುತ್ತಿ, ಕೊನೆಯ ಸುತ್ತಿನೊಳಗೆ ತುದಿ ತೂರಿಸಿ ಬಿಗಿಯಿರಿ. ಸಡಿಲ ಮೋಟಾರು, ಬಿರುಕು ಬಿಟ್ಟ ಪೈಪು, ಅಲುಗಾಡುವ ಲಿಮಿಟ್ ಸ್ವಿಚ್ ಎಲ್ಲಕ್ಕೂ ಆಗುತ್ತದೆ. ಹಗ್ಗ ಸುತ್ತುವ ರಾಟೆ ಜಾರುತ್ತಿದ್ದರೆ ಅದರ ಮೈಗೂ ಇದೇ ಪಟ್ಟಿ ಒಂದು ಸುತ್ತು. ಕಾಯುವ ಕೆಲಸವಿಲ್ಲ, ಬ್ಲೇಡಿನಲ್ಲಿ ಕೊಯ್ದರೆ ಗುರುತೂ ಇಲ್ಲ.

ಪೆಟ್ಟಿಗೆಗೆ ನೀರು ಸಿಡಿಯದ ಹಾಗೆ ಮಾಡಲು ನಮ್ಮವರಿಗೆ ಅಡಿಕೆ ಹಾಳೆ ಇದೆಯಲ್ಲ. ನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಬಾಗುತ್ತದೆ. ಪೆಟ್ಟಿಗೆಯ ಅಳತೆಯ ಡಬ್ಬಿಯ ಮೇಲೆ ಮಡಚಿ ಹಗ್ಗ ಕಟ್ಟಿ ಬೆಳಗಿನವರೆಗೆ ಬಿಟ್ಟರೆ ಅದೇ ಆಕಾರಕ್ಕೆ ಒಣಗುತ್ತದೆ. ಬೋರ್ಡಿನ ಮೇಲೆ ಒದ್ದೆ ಹಾಳೆ ಹಾಕಬೇಡಿ ಎಂದು ಬೇರೆ ಹೇಳಬೇಕಾ? ಹೇಳಿದ್ದು ಒಳ್ಳೆಯದಾಯಿತು ಬಿಡಿ.

ವೈಫೈ ಬೇಕೇ ಬೇಕು ಎನ್ನುವವರಿಗೆ ಎರಡೇ ಮಾತು. ಇಎಸ್‌ಪಿ32ಗೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇನ್ನು ಸಭಾಂಗಣದ ನೆಟ್‌ವರ್ಕ್ ನಂಬುವ ಬದಲು ಬೋರ್ಡನ್ನೇ ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಅದೇ ತನ್ನದೊಂದು ವೈಫೈ ಹೊರಡಿಸಲಿ. ಮೊಬೈಲನ್ನು ಅದಕ್ಕೆ ಸೇರಿಸಿ ಬ್ರೌಸರಿನಲ್ಲಿ 192.168.4.1 ಎಂದು ಹೊಡೆದರೆ ಸಾಕು, ಇಂಟರ್ನೆಟ್ಟಿನ ಹಂಗಿಲ್ಲ. ಇದಕ್ಕೆ ಕೋಡ್ ಮೊದಲೇ ಬರೆದಿಟ್ಟಿರಬೇಕು, ಹಿಂದಿನ ರಾತ್ರಿ ಅಲ್ಲ.

ಇಲ್ಲಿ ಜುಗಾಡ್ ಬೇಡ

230 ವೋಲ್ಟಿನ ಕಡೆ ತಾತ್ಕಾಲಿಕ ಎಂಬುದೇ ಇಲ್ಲ. ಪ್ಲಗ್ಗಿಲ್ಲದ ತಂತಿಯನ್ನು ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುವುದು, ಟೇಪ್ ಸುತ್ತಿದ ಜಾಯಿಂಟನ್ನು ಒದ್ದೆ ಹುಲ್ಲಿನ ಮೇಲೆ ಬಿಡುವುದು, ಅರ್ತಿಂಗ್ ಕಿತ್ತು ಹಾಕುವುದು, ಇವನ್ನು ಮಾಡಿದ ಯಂತ್ರ ನನ್ನ ಅಂಗಡಿಗೆ ಬಂದರೆ ಮೊದಲು ಬೈಗುಳ, ಆಮೇಲೆ ಕೆಲಸ. ನೀರು ಚಿಮುಕಿಸಿ ತೋರಿಸುವ ಡೆಮೊ ಆದರೆ ಪೂರ್ತಿ 12 ವೋಲ್ಟ್ ಬ್ಯಾಟರಿಯಲ್ಲೇ ಮಾಡಿ.

12 ವೋಲ್ಟ್ ಎಂದು ಸಲೀಸು ಮಾಡಬೇಡಿ. ಶಾರ್ಟ್ ಆದರೆ ಆ ಸಣ್ಣ ಬ್ಯಾಟರಿಯೂ ತಂತಿ ಕೆಂಪಗೆ ಕಾಯಿಸುತ್ತದೆ. ಬ್ಯಾಟರಿಯ ಪ್ಲಸ್‌ಗೆ ಹತ್ತಿರ ಒಂದು ಫ್ಯೂಸ್ ಇರಲಿ. ಕಾರಿನ ಬಿಡಿಭಾಗದ ಅಂಗಡಿಯಲ್ಲಿ 10 ಆಂಪಿಯರ್ ಬ್ಲೇಡ್ ಫ್ಯೂಸ್ ಸಿಗುತ್ತದೆ. ಅದು ಹಾರುತ್ತಿದ್ದರೆ ಕಾರಣ ಹುಡುಕಿ, ತಾಮ್ರದ ಎಳೆ ಕಟ್ಟಬೇಡಿ. ಉಬ್ಬಿದ ಲಿಥಿಯಂ ಸೆಲ್ ಇದ್ದರೆ ಅದನ್ನು ಚುಚ್ಚದೆ, ಒತ್ತದೆ ಬದಿಗಿಟ್ಟು ಬೇರೆ ತನ್ನಿ. ವೈಪರ್ ಮೋಟಾರು ನೋಡಲು ಸಣ್ಣದು, ಆದರೆ ಗೇರು ಇರುವುದರಿಂದ ಎಳೆತ ಭಾರಿ. ಹಗ್ಗ ಮತ್ತು ರಾಟೆಯ ನಡುವೆ ಬೆರಳು ಸಿಕ್ಕಿದರೆ ಅದು ಕೇಳುವುದಿಲ್ಲ. ಮೋಟಾರಿನ ತಂತಿಯನ್ನೇ ಕಡಿಯುವ ಒಂದು ದೊಡ್ಡ ಸ್ವಿಚ್ ಎದುರಿಗೇ ಇರಲಿ. ಮಕ್ಕಳು ಮುಗಿಬೀಳುವ ಜಾಗ ಅದು.

ನಿಲ್ಲಿಸುವ ಹೊತ್ತು

ರಿಪೇರಿ ನಿಲ್ಲಿಸುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ರಾತ್ರಿ 11 ಎಂದರೆ 11. ಅಷ್ಟರಲ್ಲಿ ಆದದ್ದೇ ನಾಳೆಯ ಯಂತ್ರ. ಆಮೇಲೆ ‘ಇನ್ನೊಂದು ಸಣ್ಣದು’ ಎಂದು ಕೈ ಹಾಕಿದಾಗಲೇ ಓಡುತ್ತಿದ್ದದ್ದು ನಿಲ್ಲುವುದು.

ಪರೀಕ್ಷೆ ಮಾಡುವಾಗ ನಾಳೆ ಮಾಡುವ ಹಾಗೆಯೇ ಮಾಡಿ. ಲ್ಯಾಪ್‌ಟಾಪ್ ಕಳಚಿ. ಎಲ್ಲವನ್ನೂ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಮೊದಲಿನಿಂದ ಸ್ವಿಚ್ ಹಾಕಿ. ಯುಎಸ್‌ಬಿ ಸಿಕ್ಕಿಸಿದಾಗ ಮಾತ್ರ ಓಡುವ ಬೋರ್ಡುಗಳು ಎಷ್ಟೋ ಇವೆ, ಲ್ಯಾಪ್‌ಟಾಪೇ ಗುಟ್ಟಾಗಿ ಕರೆಂಟು ಕೊಡುತ್ತಿರುತ್ತದೆ. ಯಂತ್ರವನ್ನು ಎತ್ತಿ ಬೇರೆ ಕಡೆ ಇಟ್ಟು ಇನ್ನೊಮ್ಮೆ ನೋಡಿ. ಐದು ಸಲ ಸತತವಾಗಿ ಓಡಿದರೆ ಮುಟ್ಟಬೇಡಿ, ಮಲಗಿ. ಬ್ಯಾಟರಿ ಚಾರ್ಜಿಗೆ ಹಾಕಿಯೇ ಮಲಗಿ.

ಮರುದಿನ ಚೀಲದಲ್ಲಿ ಮಲ್ಟಿಮೀಟರ್, ಟ್ಯೂಬ್ ಪಟ್ಟಿ, ಬ್ಲೇಡು, ಟೇಪು, ಎರಡು ಫ್ಯೂಸು, ಒಂದು ಬದಲಿ ರಿಲೇ ಇರಲಿ. ಬೆಸುಗೆ ಕಬ್ಬಿಣ ಬೇಡ, ಜನರ ನಡುವೆ ಅದರ ಗೋಜು. ಶಿರಸಿಯಾಗಲಿ ಕಾರವಾರವಾಗಲಿ, ಬೇಕೆಂದ ಗಳಿಗೆಗೆ ಬೇಕೆಂದ ಐಸಿ ಸಿಗುವ ಊರುಗಳಲ್ಲ. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಮೇಳವೇ ಮುಗಿದಿರುತ್ತದೆ. ಹಾಗಾಗಿ ಕೆಡಬಹುದಾದದ್ದು ಎರಡೆರಡು ಇರಲಿ.

ಎದುರಿಗೆ ನಿಂತಾಗ

ಮುಚ್ಚಿಡಬೇಡಿ. ಮೇಜಿನ ಕೆಳಗೆ ಗೆಳೆಯನನ್ನು ಕೂರಿಸಿ ಗುಟ್ಟಾಗಿ ಬಟನ್ ಒತ್ತಿಸುವುದು ರಿಪೇರಿ ಅಲ್ಲ, ಕಣ್ಕಟ್ಟು. ಎದುರಿಗೆ ನಿಂತವರು ಅಡಿಕೆ ಬೆಳೆಗಾರರಾದರೆ ನಾಳೆ ಇದನ್ನೇ ನಂಬಿ ದುಡ್ಡು ಹಾಕುವವರು. ಅದೇ ಬಟನ್ ಮೇಜಿನ ಮೇಲಿಟ್ಟು ‘ಇವತ್ತು ಸೆನ್ಸರ್ ಕೆಲಸ ಮಾಡುತ್ತಿಲ್ಲ, ಕೈಯಿಂದ ಓಡಿಸಿ ತೋರಿಸುತ್ತೇವೆ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮ ಹುಡುಗಿಯರು ಬತ್ತಾಸಿನ ಕ್ಲಿಪ್ಪನ್ನು ಎದುರಿಗೇ ಹಿಡಿದು ಹೇಳಿದರು: ‘ಇದು ಇವತ್ತಿನ ಬದಲಿ, ನಿಜವಾದ ಸೆನ್ಸರ್ ಉಪ್ಪು ಗಾಳಿಗೆ ಕೆಟ್ಟಿದೆ.’ ಚೊಂಬಿನಿಂದ ನೀರು ಚಿಮುಕಿಸಿದರು, ಟಾರ್ಪಾಲ್ ಬಂತು. ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಇಬ್ಬನಿ ಬಿದ್ದರೂ ಎಳೆಯುತ್ತದಾ?’ ಒಳ್ಳೆಯ ಪ್ರಶ್ನೆ. ಚಾಲಿಗೆ ರಾತ್ರಿ ಇಬ್ಬನಿಯೂ ಬೇಡವೇ. ಸೆನ್ಸರ್ ಕೆಟ್ಟದ್ದನ್ನು ಹೇಳಿದ್ದರಿಂದಲೇ ಆ ಮಾತು ಅಲ್ಲಿಗೆ ಬಂತು. ಈಗ ಅವರು ಸಂಜೆ ಗಂಟೆ ನೋಡಿ ತಾನೇ ಮುಚ್ಚುವ ವ್ಯವಸ್ಥೆ ಸೇರಿಸುತ್ತಿದ್ದಾರೆ.

ನಡುವೆ ಯಂತ್ರ ನಿಂತರೆ ಗಾಬರಿ ಬೇಡ. ಒಬ್ಬರು ಮಾತಾಡುತ್ತಿರಿ, ಇನ್ನೊಬ್ಬರು ಸ್ವಿಚ್ ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಲಿ. ಎರಡನೇ ಸಲವೂ ಏಳದಿದ್ದರೆ ಮೊಬೈಲಿನಲ್ಲಿ ವಿಡಿಯೊ ತೋರಿಸಿ. ಹಿಂದಿನ ರಾತ್ರಿ ಯಂತ್ರ ಓಡಿದ ಕೂಡಲೇ ಒಂದು ವಿಡಿಯೊ ತೆಗೆದಿಡಬೇಕಾದದ್ದು ಇದಕ್ಕೇ. ಜನರ ಎದುರು ಪೆಟ್ಟಿಗೆ ಬಿಚ್ಚಿ ಕೂರಬೇಡಿ.

ಮುಗಿದ ಮೇಲೆ ಬದಲಿ ಹಾಕಿದ ಪ್ರತಿಯೊಂದಕ್ಕೂ ಕೆಂಪು ಟೇಪಿನ ತುಂಡು ಅಂಟಿಸಿ. ಇಲ್ಲದಿದ್ದರೆ ಮಳೆಗಾಲ ಬಂದಾಗಲೂ ಆ ಪವರ್ ಬ್ಯಾಂಕ್ ಅಲ್ಲೇ ಇರುತ್ತದೆ, ಯಾಕೆ ಇಟ್ಟದ್ದು ಎಂದು ಯಾರಿಗೂ ನೆನಪಿರುವುದಿಲ್ಲ. ಕ್ಲಿಪ್ಪಿನಲ್ಲಿ ಉಳಿದ ಬತ್ತಾಸು ತೆಗೆಯಿರಿ. ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ತುದಿಗಳಿಗೆ ಬೇರೆ ಬೇರೆ ಟೇಪ್ ಸುತ್ತಿ, ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಗಾಡಿಗೆ ಹಾಕಿ.